ದೋಸೆಗೆ ಬೀಳದ ಮೆಂತ್ಯ

ನಮ್ಮ ಮನೆಯಲ್ಲಿ ಯಾರಿಗೆ ಏನೇ ಆಗಲಿ, ಮೊದಲು ತೆರೆದುಕೊಳ್ಳುವುದು ಮೆಂತ್ಯದ ಡಬ್ಬಿ. ಹೊಟ್ಟೆ ನುಲಿದರೆ ಅರ್ಧ ಚಮಚ ಮೆಂತ್ಯವನ್ನು ಬಾಯಿಗೆ ಹಾಕಿಕೊಂಡು ಮಜ್ಜಿಗೆಯ ಜೊತೆ ನುಂಗಬೇಕು. ಹೊಟ್ಟೆ ಕಟ್ಟಿದರೆ ಮೆಂತ್ಯ, ಹೊಟ್ಟೆ ಕೆಟ್ಟರೂ ಮೆಂತ್ಯ. ಒಂದೇ ಕಾಳು ಎರಡೂ ಕಡೆಯ ಟ್ರಾಫಿಕ್ ಹೇಗೆ ನೋಡಿಕೊಳ್ಳುತ್ತದೆ ಎಂದು ಒಮ್ಮೆ ಅಜ್ಜಿಯನ್ನು ಕೇಳಿದ್ದೆ.

"ಅದಕ್ಕೆ ಬುದ್ಧಿ ಉಂಟು ಮಾಣಿ. ಎಲ್ಲಿ ಎಂತ ಮಾಡ್ಬೇಕು ಅಂತ ಅದಕ್ಕೆ ಗೊತ್ತು. ನಿನ್ನ ಹಾಗಲ್ಲ" ಎಂದರು.

ಅಜ್ಜಿ ಎಂದರೆ ಅಪ್ಪಯ್ಯನ ಅಮ್ಮ. ಉಡುಪಿ ಕಡೆಯಿಂದ ಮದರಾಸಿನ ಎಗ್ಮೋರಿಗೆ ಬಂದು ಇಳಿದಾಗ ಅವರ ಕೈಯಲ್ಲಿ ಎರಡು ಟ್ರಂಕುಗಳಿದ್ದವಂತೆ. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ಮದ್ದಿನ ಸಾಮಾನು. ನಾನು ಹುಟ್ಟಿದಾಗ ಬಾಣಂತಿ ಅಮ್ಮನಿಗೆ ದಿನವೂ ತೆಂಗಿನಹಾಲು, ಬೆಲ್ಲ ಹಾಕಿದ ಮೆಂತ್ಯದ ಗಂಜಿ ಕೊಟ್ಟವರು ಅವರೇ. ಎದೆಹಾಲು ಚೆನ್ನಾಗಿ ಬರಲಿ, ಸೊಂಟ ಗಟ್ಟಿಯಾಗಲಿ ಎಂದು. "ನೀನು ಕುಡಿದದ್ದರಲ್ಲಿ ಅರ್ಧ ಮೆಂತ್ಯವೇ" ಎಂದು ಅಜ್ಜಿ ಈಗಲೂ ಹೆಮ್ಮೆಪಡುತ್ತಾರೆ. "ಅದಕ್ಕೇ ಇವನ ಬಾಯಿ ಇಷ್ಟು ಕಹಿ" ಎಂದು ಅಮ್ಮ ಆ ಹೆಮ್ಮೆಗೆ ಒಗ್ಗರಣೆ ಹಾಕುತ್ತಾಳೆ.

ಮದರಾಸಿನ ಬಿಸಿಲು ಏರಿತೆಂದರೆ ನಮಗೆಲ್ಲ ಬೆಳಿಗ್ಗೆ ಮೊಸರಿನಲ್ಲಿ ನೆನೆಸಿದ ಮೆಂತ್ಯ. ಮೈ ತಂಪಾಗುತ್ತದೆ ಎಂಬುದು ಅಜ್ಜಿಯ ತೀರ್ಪು. ಕೆಳಗಿನ ಮನೆಯಲ್ಲಿ ಎಲ್ಲರೂ ಪಾಟಿ ಎನ್ನುವ ತಮಿಳು ಮುದುಕಿಯ ತೀರ್ಪೂ ಅದೇ. ಅವರಿಗೆ ಅದು ವೆಂದಯಂ, ನಮಗೆ ಮೆಂತ್ಯ. ಅಜ್ಜಿಗೆ ತಮಿಳು ಸರಿಯಾಗಿ ಬರುವುದಿಲ್ಲ, ಪಾಟಿಗೆ ಕನ್ನಡ ಬರುವುದೇ ಇಲ್ಲ. ಆದರೂ ಮೆಟ್ಟಿಲ ಮೇಲೆ ನಿಂತು ಇಬ್ಬರೂ ಗಂಟೆಗಟ್ಟಲೆ ಈ ಕಾಳಿನ ಗುಣಗಾನ ಮಾಡಬಲ್ಲರು. ನಾನು ಇಬ್ಬರ ಪಾತ್ರವನ್ನೂ ಒಬ್ಬನೇ ಮಾಡಿ ತೋರಿಸಬಲ್ಲೆ.

ಇದು ನನ್ನ ಚಟ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಲ್ಲಿ ಬಂದು ಕೂರುತ್ತದೆ. ಎಗ್ಮೋರ್ ನಿಲ್ದಾಣದಲ್ಲಿ ರೈಲು ತಡವೆಂದು ಸಂತೋಷದಿಂದ ಹೇಳುವ ಹೆಂಗಸಿನ ದನಿ, ಶೋಳಿಂಗನಲ್ಲೂರಿನ ನಮ್ಮ ಆಫೀಸಿನ ಮ್ಯಾನೇಜರ್ ಮೀಟಿಂಗಿನಲ್ಲಿ ಮಾತ್ರ ತೆಗೆಯುವ ಅಮೆರಿಕದ ದನಿ, ಎಲ್ಲವೂ ನನ್ನಲ್ಲಿವೆ. ಇಂಟರ್ವ್ಯೂನಲ್ಲಿ ನಾನು ತೆಗೆದ ವಿನಯದ ದನಿಯೂ ಇದೆ. ಕೇಳಿದರೆ ನನಗೇ ಕೆಲಸ ಕೊಡೋಣ ಅನ್ನಿಸುತ್ತದೆ.

ನನ್ನನ್ನೂ ಮೆಂತ್ಯ ಬಿಟ್ಟಿಲ್ಲ. ಇಪ್ಪತ್ತನಾಲ್ಕಕ್ಕೇ ನನ್ನ ಹಣೆ ಮೇಲಕ್ಕೆ ಹೊರಟಿತು. ಅಜ್ಜಿ ನೆನೆಸಿದ ಮೆಂತ್ಯವನ್ನು ನುಣ್ಣಗೆ ರುಬ್ಬಿ ತಲೆಗೆ ಮೆತ್ತಿದರು. ಮೂರು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಆಫೀಸಿಗೆ ಹೋಗುವ ಕ್ಯಾಬ್‌ನ ಕಿಟಕಿಗಳೆಲ್ಲ ಮುಚ್ಚಿ ಎಸಿ ಹಾಕಿದ ಮೇಲೆ ಡ್ರೈವರ್ ಮೂಗು ಅರಳಿಸಿ, "ಯಾರು ಸಾರ್ ಊರ್ಗಾ ಬಾಟಲ್ ಎಡುತ್ತುಟ್ಟು ವಂದಿರುಕ್ಕೀಂಗೊ?" ಎಂದು ಕೇಳಿದ. ಉಪ್ಪಿನಕಾಯಿ ಬಾಟಲಿ ತಂದವರು ಯಾರು ಎಂಬ ಪ್ರಶ್ನೆ. ನಾನೂ ಎಲ್ಲರ ಜೊತೆ ತಿರುಗಿ ಹಿಂದಿನ ಸೀಟಿನವನನ್ನು ಅನುಮಾನದಿಂದ ನೋಡಿದೆ. ಹೋದ ಕೂದಲು ಬರಲಿಲ್ಲ, ನಿಜ. ಉಳಿದದ್ದು ಮಾತ್ರ ರೇಷ್ಮೆ. ಅಷ್ಟರ ಮಟ್ಟಿಗೆ ನಾನು ಸಾಕ್ಷಿ ಹೇಳುತ್ತೇನೆ.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ಮೆಂತ್ಯವನ್ನು ನಂಬುವುದರಲ್ಲಿ ನಮ್ಮ ಮನೆಯವರಿಗೆ ಯಾರ ಸರ್ಟಿಫಿಕೇಟೂ ಬೇಕಿಲ್ಲ. ಕಳೆದ ವರ್ಷ ಆದ ಎಡವಟ್ಟು ನಂಬಿಕೆ ಕಡಿಮೆಯಾಗಿ ಆದದ್ದಲ್ಲ.

ಅಪ್ಪಯ್ಯ ದೋಸೆ ಮಾಸ್ಟರ್. ಎಗ್ಮೋರ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಕಾವಲಿಯ ಮುಂದೆ ನಿಂತವರು. ಕಾವಲಿ ಕಾದಿದೆಯೇ ಎಂದು ಬೇರೆಯವರು ನೀರು ಚಿಮುಕಿಸಿ ನೋಡಿದರೆ, ಅವರು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಕುದಿಯುವ ಸಾಂಬಾರನ್ನು ಅಂಗೈಗೆ ಬಿಟ್ಟುಕೊಂಡು ಉಪ್ಪು ನೋಡುತ್ತಾರೆ. ಬೆಂಕಿಗೆ ಹೆದರದ ಈ ಮನುಷ್ಯ ಹೆದರುವುದು ಒಂದಕ್ಕೆ ಮಾತ್ರ: ಸೂಜಿಗೆ. ರಕ್ತ ಪರೀಕ್ಷೆಗೆ ಕೈ ಕೊಟ್ಟು ಗೋಡೆಯ ಕ್ಯಾಲೆಂಡರ್ ಕಡೆ ಮುಖ ಮಾಡಿ ಕೂತು, ನರ್ಸು ಹತ್ತಿ ಎತ್ತಿಕೊಳ್ಳುವ ಮೊದಲೇ "ಮುಗೀತಾ?" ಎಂದು ಕೇಳುತ್ತಾರೆ.

ನಾಲ್ಕು ವರ್ಷದಿಂದ ಅವರಿಗೆ ಶುಗರ್. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು. ಕಳೆದ ವರ್ಷ ಮೂರು ತಿಂಗಳ ಸರಾಸರಿ ತೋರಿಸುವ ಆ ಅಂಕಿ ಒಂಬತ್ತು ದಾಟಿತು. ಪಕ್ಕದ ಬೀದಿಯ ಡಾಕ್ಟರಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ರಿಪೋರ್ಟ್ ನೋಡಿ, "ಮೂಣು ಮಾಸಂ ಟೈಮ್ ತರೇನ್. ಕೊರೆಯಲೇನ್ನಾ ಇನ್ಸುಲಿನ್ ದಾನ್" ಎಂದರು. ಮೂರು ತಿಂಗಳಲ್ಲಿ ಇಳಿಯದಿದ್ದರೆ ಇನ್ಸುಲಿನ್, ಬೇರೆ ಮಾತಿಲ್ಲ. ಬೆಳಗಿನ ಮಾತ್ರೆಯನ್ನು ಸ್ವಲ್ಪ ಜೋರಿನದಕ್ಕೆ ಬದಲಿಸಿ, ನನ್ನ ಕಡೆ ತಿರುಗಿ, ಈ ಮಾತ್ರೆ ತೆಗೆದುಕೊಂಡ ಮೇಲೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಕೈ ನಡುಗಿ, ತಣ್ಣಗೆ ಬೆವತರೆ ತಕ್ಷಣ ಬಾಯಿಗೆ ಸಕ್ಕರೆ ಹಾಕಿ ಎಂದೂ ಹೇಳಿದರು.

ಇನ್ಸುಲಿನ್ ಎಂದರೆ ದಿನವೂ ಸೂಜಿ. ಅಪ್ಪಯ್ಯ ಮನೆಯವರೆಗೂ ಒಂದು ಮಾತಾಡಲಿಲ್ಲ.

ನಾನು ಮಾತಾಡಿದೆ. ಮನೆಗೆ ಬಂದವನೇ ಅಜ್ಜಿಯ ಕನ್ನಡಕವನ್ನು ಮೂಗಿನ ತುದಿಗೆ ಏರಿಸಿ, ಹಳೆಯ ಪೇಪರನ್ನು ರಿಪೋರ್ಟಿನಂತೆ ಹಿಡಿದು, ಡಾಕ್ಟರಮ್ಮನನ್ನು ಹಾಗೆಯೇ ಇಳಿಸಿದೆ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಮ್ಮ ಸೌಟು ಕೆಳಗಿಟ್ಟು ನಕ್ಕಳು. ಅಪ್ಪಯ್ಯನೂ ನಕ್ಕರು. ಆ ಐಟಂ ಹಿಟ್ ಆಯಿತು. ಅಪ್ಪಯ್ಯ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದೇ ತಡ, ಬಾಗಿಲ ಹಿಂದಿನಿಂದ "ಇನ್ಸುಲಿನ್ ದಾನ್". ಪಾಯಸದ ಪಾತ್ರೆಯ ಕಡೆ ಕಣ್ಣು ಹೋದರೆ "ಇನ್ಸುಲಿನ್ ದಾನ್". ಅವರು ಮೊದಮೊದಲು ನಗುತ್ತಿದ್ದರು. ಯಾವ ದಿನದಿಂದ ನಗುವುದನ್ನು ನಿಲ್ಲಿಸಿದರೆಂದು ನಾನು ನೋಡಲಿಲ್ಲ. ಮಿಮಿಕ್ರಿ ಮಾಡುವವನ ಕಿವಿ ಚುರುಕು, ಕಣ್ಣು ಅಷ್ಟಕ್ಕಷ್ಟೇ.

ಮಾರನೆಯ ದಿನದಿಂದಲೇ ಅಮ್ಮ ಒಂದು ಚಮಚ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಸಮೇತ ಕೊಡತೊಡಗಿದಳು. ಅಪ್ಪಯ್ಯ ಅದನ್ನು ಅಗಿದು ತಿಂದು, ಮಾತ್ರೆ ನುಂಗಿ, ಹೋಟೆಲಿಗೆ ಹೋಗಿ ಎರಡು ಇಡ್ಲಿ ತಿಂದು ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ನೆಂದ ಮೆಂತ್ಯದ ಆ ಲೋಳೆ ಊಟದ ಸಕ್ಕರೆ ರಕ್ತಕ್ಕೆ ಸರ್ರನೆ ಏರದಂತೆ ತಡೆಯುತ್ತದೆ ಎಂದು ನಾನೂ ಫೋನಿನಲ್ಲಿ ಓದಿ, ಅಜ್ಜಿಗೆ ಹೇಳಿದೆ. "ಇದನ್ನು ಓದ್ಲಿಕ್ಕೆ ನಿಂಗೆ ಫೋನು ಬೇಕಾಯ್ತಾ?" ಎಂದರು.

ಭಾನುವಾರ ಬೆಳಿಗ್ಗೆ ಹೋಟೆಲಿಗೆ ಹೋಗಿ ಅಪ್ಪಯ್ಯನ ಕೈಯ ದೋಸೆ ತಿನ್ನುವುದು ನನ್ನ ವಾರದ ಹಕ್ಕು. ಆಫೀಸಿನ ಕೆಲಸದಿಂದ ಎರಡು ಭಾನುವಾರ ತಪ್ಪಿದ ಮೇಲೆ, ಪರೀಕ್ಷೆಗೆ ಇನ್ನೊಂದು ವಾರ ಇರುವಾಗ ಹೋಗಿ ಕೂತಿದ್ದೆ. ಎದುರಿನ ಟೇಬಲ್ಲು ರೈಲ್ವೆಯಿಂದ ನಿವೃತ್ತರಾದ ಒಬ್ಬ ತಮಿಳು ಹಿರಿಯರದು. ಹೆಸರು ಬರೆದಿಲ್ಲವಾದರೂ ಅದು ಅವರದೇ. ಅವರು ದೋಸೆಯ ಅಂಚನ್ನು ಎರಡು ಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಎನ್ನಪ್ಪಾ, ಉಂಗಪ್ಪಾ ದೋಸೈಕ್ಕು ರತ್ತ ಸೋಗೈಯಾ?"

ನಿಮ್ಮ ಅಪ್ಪನ ದೋಸೆಗೆ ರಕ್ತಹೀನತೆಯೇ ಎಂದು. ನಾನು ಆ ದನಿಯನ್ನು ಆಗಲೇ ಜೇಬಿಗೆ ಹಾಕಿಕೊಂಡು ನನ್ನ ತಟ್ಟೆ ನೋಡಿದೆ. ಮಾತು ನಿಜ. ದೋಸೆ ಆಸ್ಪತ್ರೆಯ ಹಾಸಿಗೆಯ ಬಟ್ಟೆಯಂತೆ ಬೆಳ್ಳಗಿತ್ತು. ಮುರಿದರೆ ಕರಂ ಎನ್ನಲಿಲ್ಲ, ಬಾಗಿತು.

ನಾನು ದೋಸೆ ಮಾಸ್ಟರನ ಮಗ. ದೋಸೆ ಕೆಂಪಗೆ ಏಳಬೇಕಾದರೆ ಅಕ್ಕಿ, ಉದ್ದಿನ ಜೊತೆಗೆ ಒಂದು ಹಿಡಿ ಮೆಂತ್ಯ ಬೀಳಬೇಕೆಂದು ಅಕ್ಷರಕ್ಕಿಂತ ಮೊದಲು ಕಲಿತವನು. ಹೋಟೆಲಿನಲ್ಲಿ ಆ ಮೆಂತ್ಯವನ್ನು ಅಪ್ಪಯ್ಯನೇ ಮಧ್ಯಾಹ್ನ ಒಂದು ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಬೇರೆಯಾಗಿ ನೆನೆಸುತ್ತಾರೆ, ಸಂಜೆ ರುಬ್ಬುವಾಗ ಅವರೇ ಹಾಕುತ್ತಾರೆ. ಬೇರೆ ಯಾರ ಕೈಯೂ ಅದಕ್ಕೆ ತಾಗಬಾರದು. ಅವರು ಅದನ್ನು ಮರೆಯುವುದೆಂದರೆ ನಾನು ಸುಮ್ಮನಿರುವ ಹಾಗೆ, ಆಗದ ಕೆಲಸ.

ಅಡುಗೆಮನೆಗೆ ಹೋಗಿ, ಹಿಂದೆ ನಿಂತು, ಹೋಟೆಲಿನ ಯಜಮಾನರ ದನಿಯಲ್ಲಿ, "ಎಂತ ಮಾಸ್ಟ್ರೇ, ದೋಸೆ ಯಾಕೆ ಬಿಳುಚಿಕೊಂಡಿದೆ?" ಎಂದೆ. ಅಪ್ಪಯ್ಯನ ಕೈಯಿಂದ ಸೌಟು ಜಾರಿತು. ನಾನೆಂದು ಗೊತ್ತಾದ ಮೇಲೂ ಅವರ ಮುಖ ಸರಿಹೋಗಲಿಲ್ಲ.

"ಅಕ್ಕಿ ಬದಲಾಗಿದೆ. ಹೊಸ ಅಕ್ಕಿ. ಹೋಗು, ಚಟ್ನಿ ಹಾಕಿಸ್ಕೊಂಡು ತಿನ್ನು" ಎಂದರು.

ಅರ್ಧ ನಂಬಿದೆ. ಉಳಿದರ್ಧ ಚಟ್ನಿಯ ಜೊತೆ ಹೋಯಿತು.

ಆ ವಾರ ಅಪ್ಪಯ್ಯ ಬಚ್ಚಲುಮನೆಗೆ ಓಡುವುದು ಹೆಚ್ಚಾಯಿತು. ಅಂಗಿ ಬಿಚ್ಚಿಟ್ಟರೆ ಬೆವರಿನಲ್ಲೂ ಮೆಂತ್ಯದ ವಾಸನೆ. ಅಮ್ಮನಿಗೆ ಮಾತ್ರ ಖುಷಿ. "ನೋಡು, ಹೊಟ್ಟೆ ಇಳಿದಿದೆ. ಪ್ಯಾಂಟು ಸಡಿಲ ಆಗಿದೆ. ಈ ಸಲ ಡಾಕ್ಟರಮ್ಮನ ಬಾಯಿ ಮುಚ್ಚುತ್ತದೆ" ಎಂದಳು. ಅಜ್ಜಿ ತಮ್ಮಷ್ಟಕ್ಕೇ ಗೆದ್ದವರ ಹಾಗೆ ನಕ್ಕರು. ಆ ನಗುವನ್ನು ನಾನು ವಿಚಾರಿಸಬೇಕಾಗಿತ್ತು.

ಮುಂದಿನ ಭಾನುವಾರ. ಸೋಮವಾರಕ್ಕೆ ರಕ್ತ ಪರೀಕ್ಷೆ. ದಕ್ಷಿಣದ ರೈಲೊಂದು ಆಗತಾನೇ ಬಂದಿತ್ತು, ಹೋಟೆಲಿನ ತುಂಬ ಬ್ಯಾಗುಗಳು, ನಿದ್ದೆಗಣ್ಣಿನ ಜನ. ನಾನು ಕೂತಲ್ಲಿಂದ ಗಾಜಿನಾಚೆ ಅಪ್ಪಯ್ಯ ಕಾಣುತ್ತಿದ್ದರು. ಅವರು ದೋಸೆ ಹುಯ್ಯುವುದನ್ನು ನೋಡುವುದೇ ಒಂದು ಸುಖ. ಕೈವಾರ ಇಟ್ಟು ಎಳೆದಂತೆ ವೃತ್ತ. ಅವತ್ತು ಮೊದಲ ವೃತ್ತ ಮೊಟ್ಟೆಯಾಯಿತು. ಎರಡನೆಯದು ಭೂಪಟವಾಯಿತು. ಮೂರನೆಯ ಸಲ ಅವರು ಹೊಸ ಹಿಟ್ಟನ್ನು ಮೊದಲೇ ಬೆಂದ ದೋಸೆಯ ಮೇಲೆ ಹುಯ್ದರು.

ನಾನು ಎದ್ದು ಒಳಗೆ ಓಡಿದೆ. ಒಂದು ಕೈ ಕಾವಲಿಯ ಪಕ್ಕದ ಕಲ್ಲನ್ನು ಹಿಡಿದಿತ್ತು. ಇನ್ನೊಂದು ಕೈಯ ಸೌಟು ಗಡಗಡ ನಡುಗುತ್ತಿತ್ತು. ಬೆನ್ನು ಮುಟ್ಟಿದರೆ, ಅಷ್ಟು ಬೆಂಕಿಯ ಎದುರಿಗೂ, ತಣ್ಣಗೆ.

"ಎಂತ ಆಯ್ತು ಅಪ್ಪಯ್ಯಾ?"

"ಎಂತ ಇಲ್ಲ. ಕೈ ಯಾಕೋ ಮಾತು ಕೇಳ್ತಿಲ್ಲ."

ಕಾವಲಿಯ ಮೇಲೆ ಬೀಳದ ಹಾಗೆ ಅವರನ್ನು ಎಳೆದು ಅಕ್ಕಿ ಮೂಟೆಯ ಮೇಲೆ ಕೂರಿಸಿದೆ. ಕಾಫಿ ಮಾಸ್ಟರ್ ನಾನು ಕೇಳುವ ಮೊದಲೇ ಬಿಸಿ ಹಾಲಿಗೆ ತಣ್ಣೀರು ಬೆರೆಸಿ, ಮೂರು ಚಮಚ ಸಕ್ಕರೆ ಹಾಕಿ ತಂದ. ಲೋಟ ಬಾಯಿಗೆ ಹಿಡಿದೆ. ಅಪ್ಪಯ್ಯ ಮುಖ ತಿರುಗಿಸಿದರು.

"ಸಕ್ಕರೆ ಬೇಡ. ನಾಳೆ ಟೆಸ್ಟ್ ಉಂಟು."

ಮನುಷ್ಯನ ತುಟಿ ಬಿಳಿಚಿದೆ, ಕಣ್ಣು ನಿಲ್ಲುತ್ತಿಲ್ಲ, ನಾಳೆಯ ಮಾರ್ಕ್ಸ್ ಚಿಂತೆ. ನನಗೆ ಕೋಪ ಬಂತು, ಅಳುವೂ ಬಂತು. ಎರಡೂ ಹೊರಗೆ ಬಂದದ್ದು ಡಾಕ್ಟರಮ್ಮನ ದನಿಯಲ್ಲಿ. "ಕುಡಿಂಗೊ. ಇಪ್ಪೋ." ಕುಡಿಯಿರಿ, ಈಗಲೇ.

ಕುಡಿದರು. ಒಂದೇ ಗುಟುಕಿಗೆ, ಔಷಧಿ ಕುಡಿಯುವ ಮಗುವಿನ ಹಾಗೆ.

ಕಾಲು ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. ಎರಡು ಇಡ್ಲಿ ತಿನ್ನಿಸಿದೆ. ಬೆಳಿಗ್ಗೆ ಏನು ತಿಂದಿರಿ ಎಂದರೆ, ಏನೂ ಇಲ್ಲ. ಪರೀಕ್ಷೆ ಹತ್ತಿರ ಬಂತೆಂದು ನಾಲ್ಕು ದಿನದಿಂದ ಬೆಳಗಿನ ಇಡ್ಲಿ ಬಿಟ್ಟಿದ್ದರಂತೆ. ಮಾತ್ರೆ ಮಾತ್ರ ನುಂಗಿದ್ದರು. ಮತ್ತೆ ಮೆಂತ್ಯ.

"ಎಷ್ಟು ಮೆಂತ್ಯ?"

ಅವರು ಮೂಲೆಯಲ್ಲಿದ್ದ ಸಣ್ಣ ಸ್ಟೀಲ್ ಪಾತ್ರೆಯ ಕಡೆ ಗಲ್ಲ ಎತ್ತಿ ತೋರಿಸಿದರು. "ಅದರದ್ದು. ಮೂರು ವಾರ ಆಯ್ತು."

ದೋಸೆಗೆ ಬೀಳಬೇಕಾದ ಹಿಡಿ ಮೆಂತ್ಯವನ್ನು ದಿನವೂ ಸಂಜೆ ರುಬ್ಬುವ ಮೊದಲು ಅಪ್ಪಯ್ಯನೇ ತಿನ್ನುತ್ತಿದ್ದರು. ಇನ್ನೂ ಒಂದು ಹಿಡಿ ಕೇಳಿದರೆ ಉಗ್ರಾಣದವನು ಯಾಕೆ ಎನ್ನುತ್ತಾನೆ, ಸುದ್ದಿ ಯಜಮಾನರಿಗೆ ಹೋಗುತ್ತದೆ, ಮಾಸ್ಟರಿಗೆ ಆರೋಗ್ಯ ಸರಿಯಿಲ್ಲ ಎಂದಾಗುತ್ತದೆ. ಅದಕ್ಕೆ ದೋಸೆಯ ಬಾಯಿಂದ ಕಿತ್ತು ತಿಂದರು. ಮೂವತ್ತು ವರ್ಷ ಒಂದು ದೋಸೆಯ ಅಂಚು ಕರಿದಾದರೂ ಗಿರಾಕಿಗೆ ಕೊಡದೆ ಬೇರೆ ಹುಯ್ದವರು, ತಮ್ಮ ದೋಸೆ ಬಿಳುಚುವುದನ್ನು ತಾವೇ ನೋಡಿಕೊಂಡು ಮೂರು ವಾರ ನಿಂತಿದ್ದರು. ಸೂಜಿಯ ಹೆದರಿಕೆ ಎಷ್ಟಿತ್ತೆಂದು ನನಗೆ ಆಗ ಅಳತೆ ಸಿಕ್ಕಿತು.

"ಮನೆಯಲ್ಲೇ ಇನ್ನೊಂದು ಚಮಚ ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ಹೆದರಿದ್ದೇನೆ ಅಂತ ಗೊತ್ತಾಗ್ತದೆ. ಗೊತ್ತಾದ್ರೆ ನೀನು ಆ ಡಾಕ್ಟರಮ್ಮನ ಆಟ ಇನ್ನೂ ಜೋರು ಮಾಡ್ತಿ. ಅದನ್ನು ಕೇಳಿದ್ರೆ ನಂಗೆ ಚುಚ್ಚಿದ ಹಾಗೇ ಆಗ್ತದೆ ಮಾರಾಯ."

ಯಾವಾಗಲೂ ನನ್ನ ಗಂಟಲಲ್ಲಿ ಹತ್ತು ಜನ ಇರುತ್ತಾರೆ. ಆಗ ಒಬ್ಬರೂ ಇರಲಿಲ್ಲ.

ಮನೆ ಎರಡೇ ಗಲ್ಲಿ ದೂರ. ನಿಧಾನವಾಗಿ ನಡೆಸಿಕೊಂಡು ಬಂದೆ. ಅಮ್ಮನಿಗೆ ವಿಷಯ ಹೇಳಿದರೆ ಅವಳು ಅಪ್ಪಯ್ಯನ ಪಕ್ಕದಲ್ಲಿ ಬಂದು ಕೂತಳು.

"ಹೋಟೆಲಿನಲ್ಲೂ ತಿಂತಿದ್ರಾ? ನಾನಿಲ್ಲಿ ಒಂದಕ್ಕೆ ಎರಡು ಚಮಚ ಮಾಡಿದ್ದೇನಲ್ಲ. ಚಪಾತಿ ಹಿಟ್ಟಿಗೂ ಪುಡಿ ಕಲಸಿದ್ದೇನೆ."

"ನೀನು ಯಾವಾಗ ಎರಡು ಮಾಡಿದ್ದು?" ಅಪ್ಪಯ್ಯ ಕೇಳಿದರು.

"ಹೋದ ತಿಂಗಳು. ಹೇಳಿದ್ರೆ ಕಹಿ ಅಂತ ಬಿಡ್ತೀರಿ ಅಂತ ಹೇಳ್ಲಿಲ್ಲ."

ಆಗ ಎಲ್ಲರೂ ಅಜ್ಜಿಯ ಕಡೆ ತಿರುಗಿದೆವು. ಏಕೆಂದರೆ ಅಜ್ಜಿ ಕಿಟಕಿಯ ಕಡೆ ತಿರುಗಿದ್ದರು.

"ಅತ್ತೆ?" ಎಂದಳು ಅಮ್ಮ.

"ನಾನು ಎಂತ ಮಾಡ್ಲಿಲ್ಲ. ರಾತ್ರಿ ಮಜ್ಜಿಗೆಗೆ ಒಂದು ಚಿಟಿಕೆ ಪುಡಿ. ಅಷ್ಟೇ."

"ನಿಮ್ಮ ಚಿಟಿಕೆಯಲ್ಲಿ ಉಪ್ಪು ಹಾಕಿದ್ರೆ ಇಡೀ ಓಣಿಯವರು ನೀರು ಕುಡೀಬೇಕು ಅತ್ತೆ."

"ಅವನು ನನ್ನ ಮಗ" ಎಂದರು ಅಜ್ಜಿ, ಮಾತು ಅಲ್ಲಿಗೆ ಮುಗಿಯಿತೆಂಬಂತೆ. ಆಮೇಲೆ ತಾವೇ ಸೇರಿಸಿದರು: "ಶುಗರ್ ಇಳಿದ್ರೆ ಎಲ್ಲರೂ ಸೊಸೆಯ ಮೆಂತ್ಯ ಅಂತಾರೆ. ನನ್ನ ಮೆಂತ್ಯ ಅಂತ ಯಾರೂ ಹೇಳುವುದಿಲ್ಲ."

ಅಮ್ಮ, ಅಜ್ಜಿ ಕೊಟ್ಟದ್ದೂ ಅಪ್ಪಯ್ಯ ತಾವೇ ತೆಗೆದುಕೊಂಡದ್ದೂ ಮೆಂತ್ಯವೇ, ಮೂವರೂ ಗುಟ್ಟಾಗಿ. ನಮ್ಮ ಮನೆಯಲ್ಲಿ ಮದ್ದು ಕೊಡುವುದು ದೊಡ್ಡದಲ್ಲ, ಯಾರ ಮದ್ದಿನಿಂದ ಗುಣವಾಯಿತು ಎಂಬುದು ದೊಡ್ಡದು. ನಾನು ಮೆಂತ್ಯ ಕೊಡಲಿಲ್ಲ. ಹೆದರಿಕೆ ಕೊಟ್ಟೆ. ನನ್ನದೇ ಎಲ್ಲಕ್ಕಿಂತ ಹೆಚ್ಚಿನ ಡೋಸು.

ಸೋಮವಾರ ಬೆಳಿಗ್ಗೆ ರಕ್ತ ಕೊಟ್ಟು, ಸಂಜೆ ರಿಪೋರ್ಟ್ ಹಿಡಿದು ಡಾಕ್ಟರಮ್ಮನ ಮುಂದೆ ಕೂತೆವು. ಅವರು ಕಾಗದ ನೋಡುವ ಮೊದಲೇ ಹೇಳಿಬಿಡಬೇಕೆಂದು ದಾರಿಯಲ್ಲಿ ಒಪ್ಪಂದವಾಗಿತ್ತು. ಅಪ್ಪಯ್ಯ ಮಾತ್ರ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತ ಕೂತರು. ಕೊನೆಗೆ ನಾನೇ, ಅಪ್ಪಯ್ಯನದೇ ದನಿಯಲ್ಲಿ, ಅವರದೇ ಕನ್ನಡ ಬೆರೆತ ತಮಿಳಿನಲ್ಲಿ, ಶುರುಮಾಡಿದೆ. ಕೊಂಚ ಮೆಂತ್ಯ ತಿಂದೆ ಮೇಡಂ. ಮನೆಯಲ್ಲಿ ಕೊಂಚ, ಹೋಟೆಲಿನಲ್ಲಿ ಕೊಂಚ, ಚಪಾತಿಯಲ್ಲಿ ಕೊಂಚ, ಮಜ್ಜಿಗೆಯಲ್ಲಿ ಕೊಂಚ. ನಿನ್ನೆ ಕಾವಲಿ ಮುಂದೆ ಕೈ ನಡುಗಿತು.

ಡಾಕ್ಟರಮ್ಮ ನನ್ನನ್ನು ನೋಡಿದರು, ಅಪ್ಪಯ್ಯನನ್ನು ನೋಡಿದರು, ದನಿ ಯಾರದೆಂದು ಒಂದು ಕ್ಷಣ ಹುಡುಕಿದರು. ಬೈಯುತ್ತಾರೆಂದು ನಾವಿಬ್ಬರೂ ಕಾದೆವು. ಅವರು ತಮಿಳಿನಲ್ಲಿ ಅಪ್ಪಯ್ಯನನ್ನು ಒಂದೇ ಪ್ರಶ್ನೆ ಕೇಳಿದರು. ವೆಂದಯಂ ನಿಮಗೆ ತಿಂಡಿಯೋ, ಮದ್ದೋ?

"ಮರುಂದು ಮೇಡಂ" ಎಂದರು ಅಪ್ಪಯ್ಯ. ಮದ್ದು. ಇಡೀ ದಿನದಲ್ಲಿ ಅವರು ಎದೆಯುಬ್ಬಿಸಿ ಹೇಳಿದ ಮಾತು ಅದೊಂದೇ.

"ಮದ್ದಾದರೆ ಏನೇನು ಮದ್ದು ತೆಗೆದುಕೊಳ್ಳುತ್ತೀರಿ ಎಂದು ನಾನು ಕೇಳಿದಾಗ ಏಕೆ ಹೇಳಲಿಲ್ಲ?"

ಜಗತ್ತಿಗೆಲ್ಲ ಮೆಂತ್ಯವೇ ಮದ್ದು ಎನ್ನುವ ನಾವು ಡಾಕ್ಟರ ಎದುರಿಗೆ ಬಂದಾಗ ಮಾತ್ರ ಅದನ್ನು ಬರೀ ಸಾಂಬಾರ ಪದಾರ್ಥ ಮಾಡಿಬಿಟ್ಟಿದ್ದೆವು. ಅವರು ವಿವರಿಸಿದರು: ಮೆಂತ್ಯ ಒಳ್ಳೆಯದೇ, ಸಕ್ಕರೆಯನ್ನು ಸ್ವಲ್ಪ ತಗ್ಗಿಸುತ್ತದೆ, ಅದಕ್ಕಾಗಿಯೇ ಲೆಕ್ಕದಲ್ಲಿ ಇರಬೇಕು. ಜೋರಿನ ಮಾತ್ರೆ ನುಂಗಿ, ಊಟ ಬಿಟ್ಟು, ಮೇಲೆ ಹಿಡಿಗಟ್ಟಲೆ ಮೆಂತ್ಯ ತಿಂದು ಹೊಟ್ಟೆಯನ್ನೂ ಕೆಡಿಸಿಕೊಂಡರೆ ಸಕ್ಕರೆ ಪಾತಾಳಕ್ಕೆ ಹೋಗದೆ ಇನ್ನೇನಾಗುತ್ತದೆ? ಮತ್ತೆ ಈ ಪರೀಕ್ಷೆ ಹಿಂದಿನ ವಾರ ಓದಿ ಪಾಸಾಗುವಂಥದ್ದಲ್ಲ, ಮೂರು ತಿಂಗಳು ಹೇಗಿದ್ದಿರಿ ಎಂದು ರಕ್ತವೇ ಹೇಳಿಬಿಡುತ್ತದೆ ಎಂದರು.

ಆಮೇಲೆ ಕಾಗದ ಬಿಡಿಸಿದರು. ಒಂಬತ್ತರ ಮೇಲಿದ್ದದ್ದು ಎಂಟರ ಹತ್ತಿರಕ್ಕೆ ಬಂದಿತ್ತು. ಬರಬೇಕಾದಷ್ಟು ಬಂದಿರಲಿಲ್ಲ. ಬಂದದ್ದು ಮಾತ್ರ ಸುಳ್ಳಲ್ಲ.

"ಇನ್ಸುಲಿನ್?" ಅಪ್ಪಯ್ಯನೇ ಕೇಳಿದರು.

ಈಗಲೇ ಬೇಡ, ಮುಂದೆ ನೋಡೋಣ ಎಂದರು ಡಾಕ್ಟರಮ್ಮ. ಬೆಳಗಿನ ಮಾತ್ರೆ ಬದಲಿಸಿದರು. ಅದರ ಕೆಳಗೆ ಪೆನ್ನಿನಿಂದ ಒತ್ತಿ ಬರೆದರು: ವೆಂದಯಂ, ಒಂದು ಟೀ ಚಮಚ, ಬೆಳಿಗ್ಗೆ ಮಾತ್ರ. ಅಪ್ಪಯ್ಯ ಆ ಸಾಲನ್ನು ನೋಡಿದ ರೀತಿ ನೋಡಬೇಕಿತ್ತು. ಡಾಕ್ಟರ ಚೀಟಿಯ ಮೇಲೆ, ಮಾತ್ರೆಗಳ ಸಾಲಿನಲ್ಲೇ, ನಮ್ಮ ಮೆಂತ್ಯ. ಅಜ್ಜಿಗೆ ತೋರಿಸಲು ಅದನ್ನು ಮಡಚದೆ ಹಿಡಿದುಕೊಂಡರು.

ಆದರೆ ಅಷ್ಟಕ್ಕೆ ಬಿಡಲಿಲ್ಲ ಡಾಕ್ಟರಮ್ಮ. ಒಮ್ಮೆ ಹೀಗೆ ಸಕ್ಕರೆ ಕುಸಿದವರು ಬೆಂಕಿಯ ಮುಂದೆ ಸುಮ್ಮನೆ ಹೋಗಿ ನಿಲ್ಲುವಂತಿಲ್ಲ. ದಿನವೂ ಕೆಲಸಕ್ಕೆ ಹೋಗುವ ಮೊದಲು ಬೆರಳು ಚುಚ್ಚಿ, ಮೀಟರಿನಲ್ಲಿ ಸಕ್ಕರೆ ನೋಡಬೇಕು. ಕಡಿಮೆಯಿದ್ದರೆ ತಿಂದು, ಏರಿದ ಮೇಲೆ ಹೋಗಬೇಕು. ಚುಚ್ಚಿಕೊಳ್ಳುವುದಿಲ್ಲ ಎಂದಾದರೆ ದೋಸೆ ಹುಯ್ಯುವ ಕೆಲಸ ಬಿಡಬೇಕು. ಎರಡರಲ್ಲಿ ಒಂದು, ಅವರೇ ಆರಿಸಿಕೊಳ್ಳಲಿ.

ಸೂಜಿಯಿಂದ ತಪ್ಪಿಸಿಕೊಳ್ಳಲು ಹೋದ ಮನುಷ್ಯನಿಗೆ ದಿನವೂ ಒಂದು ಸೂಜಿಯೇ ಸಿಕ್ಕಿತು. ಸಣ್ಣದು, ನಿಜ. ಅಪ್ಪಯ್ಯನ ಮಟ್ಟಿಗೆ ಸೂಜಿಯಲ್ಲಿ ಸಣ್ಣದು ದೊಡ್ಡದು ಇರಲಿಲ್ಲ.

ಹೊರಗಿನ ಕೋಣೆಯಲ್ಲಿ ನರ್ಸು ತೋರಿಸಿಕೊಟ್ಟಳು. ಬಲಗೈಯ ನಡುಬೆರಳಿಗೆ ಸೂಜಿಯಿರುವ ಪೆನ್ನಿನಂಥದ್ದನ್ನು ಒತ್ತಿ ಟಕ್ ಎನ್ನಿಸಿದಳು. ರಕ್ತ ಬರಲಿಲ್ಲ. ಮತ್ತೆ ಟಕ್. ಬರಲಿಲ್ಲ. ಬೆರಳಿನ ತುದಿಯನ್ನು ಹಿಚುಕಿ ನೋಡಿ, "ಇದು ಬೆರಳಾ, ಚಪ್ಪಲಿ ತೊಗಲಾ?" ಎಂದಳು ತಮಿಳಿನಲ್ಲಿ. ಮೂವತ್ತು ವರ್ಷ ಕಾವಲಿ ಮುಟ್ಟಿದ ಬೆರಳು. ಸೂಜಿಗೆ ಅಲ್ಲಿ ದಾರಿಯೇ ಇಲ್ಲ. ಕೊನೆಗೆ ಎಡಗೈಯ ಉಂಗುರದ ಬೆರಳಿನ ಪಕ್ಕದಲ್ಲಿ ಮೆತ್ತನೆಯ ಜಾಗ ಸಿಕ್ಕಿತು. ಅಪ್ಪಯ್ಯ ಗೋಡೆ ನೋಡುತ್ತಿದ್ದರು. "ಮುಗೀತಾ?" ಎಂದರು. ಈ ಸಲ ನಿಜವಾಗಿಯೂ ಮುಗಿದಿತ್ತು.

ಮನೆಗೆ ಬರುವಾಗ, ಬೀದಿಯ ತಿರುವಿನಲ್ಲಿ, ಅದನ್ನು ಹೇಳಿಬಿಟ್ಟೆ. "ಅಪ್ಪಯ್ಯ, ನಂದು ತಪ್ಪಾಯ್ತು. ಆ ಆಟ ಇನ್ನು ಮಾಡುವುದಿಲ್ಲ." ಯಾರ ದನಿಯಲ್ಲೂ ಅಲ್ಲ.

ಅವರು ನಡೆಯುವುದನ್ನು ನಿಲ್ಲಿಸದೆ, "ನಿನ್ನ ಸ್ವಂತ ದನಿ ಎಷ್ಟು ಸಪೂರ ಮಾರಾಯ. ಕೇಳಿಯೇ ಇರಲಿಲ್ಲ" ಎಂದರು.

ಮರುದಿನ ಬೆಳಿಗ್ಗೆ ಅಮ್ಮ ಒಂದು ಚಮಚ ಅಳೆದು ಕೊಟ್ಟಳು. ಅಜ್ಜಿ ಅಳತೆಯನ್ನು ಪರೀಕ್ಷಿಸಿ ತಲೆಯಾಡಿಸಿದರು; ಚೀಟಿಯಲ್ಲಿ ಬರೆದದ್ದು ಮೆಂತ್ಯ ಎಂದಷ್ಟೇ, ಇಂಥವರ ಮೆಂತ್ಯ ಎಂದಲ್ಲ ಎಂಬ ತೀರ್ಮಾನಕ್ಕೆ ಅತ್ತೆ ಸೊಸೆ ಬಂದಿದ್ದರು. ನಾನು ಮೀಟರ್ ತೆಗೆದು, ಚುಚ್ಚುವುದಕ್ಕೆ ಅಪ್ಪಯ್ಯನ ಕೈ ಹಿಡಿಯಲು ಹೋದೆ.

"ಬಿಡು. ನಾನೇ ಮಾಡ್ತೇನೆ. ನಿನ್ನ ಕೈ ನಡುಗ್ತಾ ಉಂಟು."

ನಾನು ಮೀಟರನ್ನು ಅವರ ಮುಂದಿಟ್ಟೆ. ಅವರು ನೆಲದ ಮೇಲೆ ಕಾಲು ಮಡಚಿ ಕೂತು, ಎಡಗೈಯನ್ನು ಮೊಣಕಾಲಿನ ಮೇಲಿಟ್ಟು, ಉಂಗುರದ ಬೆರಳಿನ ಪಕ್ಕವನ್ನು ಹೆಬ್ಬೆರಳಿನಿಂದ ತಡವಿ ಜಾಗ ನೋಡಿಕೊಂಡರು. ಅಜ್ಜಿ ಕಣ್ಣು ಮುಚ್ಚಿಕೊಂಡರು, ಅಮ್ಮ ಅಡುಗೆಮನೆಗೆ ಹೋದಳು. ಅಪ್ಪಯ್ಯ ಗೋಡೆಯ ಕಡೆ ನೋಡಲಿಲ್ಲ. ಬೆರಳನ್ನೇ ನೋಡುತ್ತ ಒತ್ತಿದರು. ಟಕ್. ಒಂದು ಹನಿ ಮೇಲೆದ್ದಿತು. ಅದನ್ನು ಮೀಟರಿನ ಪಟ್ಟಿಗೆ ತಾಗಿಸಿ, ಅಂಕಿ ಮೂಡುವವರೆಗೆ ಉಸಿರು ಹಿಡಿದು ಕಾದರು. ಮೂಡಿದ ಅಂಕಿಯನ್ನು ಗಟ್ಟಿಯಾಗಿ ಓದಿದರು, ಅಡುಗೆಮನೆಗೂ ಕೇಳುವ ಹಾಗೆ.

"ನೂರಾ ಹದಿನೆಂಟು. ತಿಂಡಿ ಕೊಡು ಮಾರಾಯ್ತಿ, ತಿಂದು ಹೊರಡ್ತೇನೆ. ಕಾವಲಿ ಇಡುವ ಹೊತ್ತಾಯ್ತು."